ಫಲ ಕೊಡದ ಪ್ರಯೋಗಗಳನ್ನೂ ಹೊರಗೆ ತನ್ನಿ: ಸಂಶೋಧನೆಯನ್ನು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಜೀವವಿಜ್ಞಾನ ಮತ್ತು ವೈದ್ಯಕೀಯ ಸಂಶೋಧನೆಗೆ ಹಣ ಕೊಡುವವರು, ಜರ್ನಲ್‌ಗಳ ಸಂಪಾದಕರು, ಯಾರಿಗೆ ಕೆಲಸ ಯಾರಿಗೆ ಬಡ್ತಿ ಅಂತ ತೀರ್ಮಾನಿಸುವ ಸಮಿತಿಗಳಲ್ಲಿ ಕೂರುವವರು, ನೀವೆಲ್ಲರೂ ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಕೇಳುವುದು ಒಂದೇ. ಅಂದುಕೊಂಡ ಫಲ ಕೊಡದ ಪ್ರಯೋಗಗಳೂ ಹೊರಗೆ ಬರಲಿ. ಅವನ್ನು ಬರೆದಿಡುವವರಿಗೆ ಹಣ ಕೊಡಿ, ಜಾಗ ಕೊಡಿ, ಮರ್ಯಾದೆ ಕೊಡಿ.

ಈ ಕೆಲವು ವರ್ಷಗಳಲ್ಲಿ ನಮ್ಮ ಕ್ಷೇತ್ರದಿಂದ ಬಂದ ಸುದ್ದಿಗಳು ನಿಜಕ್ಕೂ ದೊಡ್ಡವು. 2023ರ ಕೊನೆಗೆ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಕ್ರಿಸ್ಪರ್ ಚಿಕಿತ್ಸೆಗೆ (ಜೀನನ್ನೇ ತಿದ್ದುವ ವಿಧಾನ) ಮೊದಲು ಬ್ರಿಟನ್ನಿನಲ್ಲಿ, ಆಮೇಲೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2024ರಲ್ಲಿ ಫಲಿತಾಂಶ ಬಂದ, ದಕ್ಷಿಣ ಆಫ್ರಿಕಾ ಮತ್ತು ಉಗಾಂಡದಲ್ಲಿ ನಡೆದ ಟ್ರಯಲ್‌ನಲ್ಲಿ (ಮನುಷ್ಯರ ಮೇಲಿನ ಔಷಧ ಪರೀಕ್ಷೆ), ಆರು ತಿಂಗಳಿಗೊಮ್ಮೆ ಲೆನಾಕಾಪವಿರ್ ಇಂಜೆಕ್ಷನ್ ತೆಗೆದುಕೊಂಡ 2,134 ಯುವತಿಯರಲ್ಲಿ ಒಬ್ಬರಿಗೂ ಎಚ್‌ಐವಿ ತಗುಲಲಿಲ್ಲ. 2025ರ ಮೇ ತಿಂಗಳಲ್ಲಿ ಇನ್ನೊಂದು ವರದಿ ಬಂತು: ಒಂದೇ ಒಂದು ಮಗುವಿಗಾಗಿ, ಅದರ ಜೀನ್‌ನಲ್ಲಿದ್ದ ತಪ್ಪಿಗೆ ಸರಿಹೊಂದುವ ಹಾಗೆ, ಕೆಲವೇ ತಿಂಗಳಲ್ಲಿ ಒಂದು ಔಷಧ ತಯಾರಿಸಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಇಂಥವನ್ನು ಓದುವಾಗ ಈ ಕೆಲಸಕ್ಕೆ ಬಂದದ್ದು ಸಾರ್ಥಕ ಅನ್ನಿಸುತ್ತದೆ. ಇದನ್ನು ಮನಸಾರೆ ಹೇಳುತ್ತಿದ್ದೇನೆ.

ಆದರೆ ಇಂಥ ಒಂದೊಂದು ಗೆಲುವಿನ ಹಿಂದೆ ಎಷ್ಟೋ ದಾರಿಗಳು ಮುಚ್ಚಿಹೋಗಿರುತ್ತವೆ, ಅಲ್ವಾ. ಯಾವ ದಾರಿ ಮುಚ್ಚಿದೆ, ಎಲ್ಲಿ ಮುಚ್ಚಿದೆ, ಯಾಕೆ ಮುಚ್ಚಿದೆ ಅನ್ನುವುದು ಆ ಒಂದು ಲ್ಯಾಬಿನ ನಾಲ್ಕು ಜನಕ್ಕೆ ಮಾತ್ರ ಗೊತ್ತಿರುತ್ತದೆ. ಬಾವಿ ತೋಡಿ ನೀರು ಕಾಣದವನು ಬಾಯಿ ಬಿಡದೆ ಹೋದರೆ ಮುಂದೆ ಬಂದವನೂ ಅಲ್ಲೇ ತೋಡುತ್ತಾನೆ. ನಮ್ಮಲ್ಲಿ ದಿನಾ ನಡೆಯುವುದು ಇದೇ.

ಲ್ಯಾಬಿನ ಒಳಗೆ ಇದು ಹೇಗೆ ಆಗುತ್ತದೆ ಅಂತ ಹೇಳುತ್ತೇನೆ. ಜೀವಕೋಶದಲ್ಲಿ ಒಂದು ಪ್ರೋಟೀನ್ ಇದೆಯಾ ಇಲ್ಲವಾ ಅಂತ ನೋಡಲು ನಾವು ವೆಸ್ಟರ್ನ್ ಬ್ಲಾಟ್ ಮಾಡುತ್ತೇವೆ. ಜೀವಕೋಶಗಳನ್ನು ಒಡೆದು, ಒಳಗಿನ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಓಡಿಸಿ, ಗಾತ್ರಕ್ಕೆ ತಕ್ಕಂತೆ ಬೇರೆ ಮಾಡಿ, ಒಂದು ತೆಳು ಹಾಳೆಗೆ ಇಳಿಸುತ್ತೇವೆ. ಆ ಹಾಳೆಯನ್ನು, ನಾವು ಹುಡುಕುವ ಪ್ರೋಟೀನಿಗೆ ಮಾತ್ರ ಅಂಟಬೇಕಾದ ಆಂಟಿಬಾಡಿ ಬೆರೆಸಿದ ದ್ರಾವಣದಲ್ಲಿ ಹಾಕಿ ರಾತ್ರಿಯಿಡೀ ತಣ್ಣಗಿನ ಕೋಣೆಯಲ್ಲಿ ಮೆಲ್ಲಗೆ ಅಲ್ಲಾಡಲು ಬಿಡುತ್ತೇವೆ. ಮರುದಿನ ತೊಳೆದು, ಉಳಿದ ಹಂತ ಮುಗಿಸಿ ಚಿತ್ರ ತೆಗೆದರೆ ನಮ್ಮ ಪ್ರೋಟೀನ್ ಇರುವ ಜಾಗದಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ಚೆನ್ನಾಗಿ ಮೂಡಿದರೆ ಎಲ್ಲರ ಮುಖವೂ ಅರಳುತ್ತದೆ. ಆಮೇಲೆ ಯಾರಾದರೂ ಎಚ್ಚರದ ಹುಡುಗಿ, ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಜೀವಕೋಶಗಳನ್ನೂ ಪಕ್ಕದಲ್ಲಿ ಓಡಿಸುತ್ತಾಳೆ. ಅಲ್ಲಿ ಏನೂ ಕಾಣಬಾರದು. ಆದರೆ ಅದೇ ಪಟ್ಟಿ, ಅದೇ ಜಾಗದಲ್ಲಿ, ಅಷ್ಟೇ ಕಪ್ಪಗೆ ಕಾಣುತ್ತದೆ. ಅಂದರೆ ಆ ಆಂಟಿಬಾಡಿ ಹಿಡಿಯುತ್ತಿರುವುದು ಬೇರೆ ಯಾವುದನ್ನೋ.

ಆಮೇಲೆ ಏನಾಗುತ್ತದೆ ಹೇಳಿ? ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ಒಂದು ಗೀಟು ಬೀಳುತ್ತದೆ. 'ಇದನ್ನು ಬಳಸಬೇಡಿ' ಅಂತ ಬಾಯಿಮಾತಿನಲ್ಲಿ ಹೇಳುತ್ತಾರೆ. ಹೊಸ ಆಂಟಿಬಾಡಿ ತರಿಸುತ್ತಾರೆ. ತಿಂಗಳುಗಟ್ಟಲೆ ಮಾಡಿದ ಕೆಲಸ ಒಂದು ಫೋಲ್ಡರ್ ಸೇರಿ ಅಲ್ಲೇ ಉಳಿಯುತ್ತದೆ. 'ಇದು ಪೇಪರ್ ಆಗಲ್ಲ ಬಿಡು' ಅಂತ ಗೈಡ್ ಹೇಳುತ್ತಾರೆ, ಅವರು ಹೇಳುವುದೂ ನಿಜ. ಇನ್ನೊಂದು ಖಂಡದ ಲ್ಯಾಬ್ ಅದೇ ವಾರ ಅದೇ ಬಾಟಲಿಗೆ ಆರ್ಡರ್ ಹಾಕುತ್ತದೆ.

ಇದು ಅಲ್ಲೊಂದು ಇಲ್ಲೊಂದು ಲ್ಯಾಬಿನ ಕಥೆ ಅಂತ ಅಂದುಕೊಳ್ಳಬೇಡಿ. ವೈಕ್ಯಾರೋಸ್ ಅನ್ನುವ ಗುಂಪು 65 ಪ್ರೋಟೀನ್‌ಗಳಿಗೆ ಅಂತ ಮಾರುಕಟ್ಟೆಯಲ್ಲಿ ಸಿಗುವ 614 ಆಂಟಿಬಾಡಿಗಳನ್ನು ತಂದು, ಜೀನ್ ತೆಗೆದ ಜೀವಕೋಶಗಳ ಜೊತೆ ಇಟ್ಟು ಪರೀಕ್ಷೆ ಮಾಡಿತು. ಆ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಸರಾಸರಿ ನೋಡಿದರೆ ಒಂದೊಂದು ಪ್ರೋಟೀನಿಗೆ ಸುಮಾರು 12 ಪೇಪರ್‌ಗಳು, ಆ ಪ್ರೋಟೀನನ್ನು ಗುರುತಿಸಲೇ ಆಗದ ಆಂಟಿಬಾಡಿ ಬಳಸಿ ಬರೆದವು. ನನಗೆ ಇದರಲ್ಲಿ ತುಂಬ ಇಷ್ಟವಾದದ್ದು ಬೇರೆಯೇ ಇದೆ. ಆ ಫಲಿತಾಂಶ ನೋಡಿದ ಮೇಲೆ ಮಾರುವ ಕಂಪನಿಗಳೇ ಎಷ್ಟೋ ಆಂಟಿಬಾಡಿಗಳನ್ನು ಹಿಂದಕ್ಕೆ ಪಡೆದವು, ಇಲ್ಲವೇ ಬಳಕೆಯ ಸೂಚನೆ ಬದಲಾಯಿಸಿದವು. ಅಷ್ಟು ಲ್ಯಾಬ್‌ಗಳು ಒಳಗೊಳಗೇ ಗೊಣಗಿಕೊಂಡರೂ ಆಗದ ಕೆಲಸ, ಒಂದು ಕಡೆ ಬರೆದು ಎಲ್ಲರ ಮುಂದೆ ಇಟ್ಟ ಮೇಲೆ ಆಯಿತು.

ಲ್ಯಾಬಿನಲ್ಲಿ ಹೋಗುವುದು ಹಣ ಮತ್ತು ಸಮಯ. ಆಸ್ಪತ್ರೆಯಲ್ಲಿ ಹೋಗುವುದು ಜೀವ.

1980ರಲ್ಲಿ ಲೋರ್ಕೈನೈಡ್ ಅನ್ನುವ ಔಷಧದ ಒಂದು ಚಿಕ್ಕ ಟ್ರಯಲ್ ನಡೆಯಿತು. ಹೃದಯಾಘಾತವಾದವರ ಹೃದಯ ಬಡಿತ ಏರುಪೇರಾದರೆ ಅವರು ಸಾಯುವ ಸಂಭವ ಜಾಸ್ತಿ, ಹಾಗಾಗಿ ಆ ಏರುಪೇರನ್ನು ಅಡಗಿಸಿದರೆ ಜೀವ ಉಳಿಯುತ್ತದೆ ಅನ್ನುವುದು ಆಗಿನ ನಂಬಿಕೆ. ಕೇಳಿದರೆ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಔಷಧ ತನ್ನ ಕೆಲಸ ಮಾಡಿತು, ಬಡಿತದ ಏರುಪೇರು ಕಡಿಮೆಯಾಯಿತು. ಆದರೆ ಔಷಧ ತೆಗೆದುಕೊಂಡವರಲ್ಲಿ 9 ಮಂದಿ ಸತ್ತರು, ಹುಸಿ ಔಷಧ ತೆಗೆದುಕೊಂಡ ಹೆಚ್ಚುಕಡಿಮೆ ಅಷ್ಟೇ ಗಾತ್ರದ ಗುಂಪಿನಲ್ಲಿ ಸತ್ತವರು ಒಬ್ಬರು. ಒಟ್ಟು ನೂರು ಜನರೂ ಇಲ್ಲದ ಟ್ರಯಲ್, ಇದು ಕಾಕತಾಳೀಯ ಇರಬೇಕು ಅಂತ ಸಂಶೋಧಕರು ಅಂದುಕೊಂಡರು. ವ್ಯಾಪಾರದ ಕಾರಣಗಳಿಗಾಗಿ ಆ ಔಷಧವನ್ನು ಕೈಬಿಟ್ಟರು, ಟ್ರಯಲ್ ಪ್ರಕಟವಾಗಲಿಲ್ಲ. ಅದು ಹೊರಗೆ ಬಂದದ್ದು 1993ರಲ್ಲಿ.

ನಡುವಿನ ಆ ವರ್ಷಗಳಲ್ಲಿ ಅದೇ ಜಾತಿಯ ಬೇರೆ ಔಷಧಗಳು ಬಂದವು, ವೈದ್ಯರು ಒಳ್ಳೆಯ ಮನಸ್ಸಿನಿಂದಲೇ ಬರೆದುಕೊಟ್ಟರು. ಕೊನೆಗೆ ಕಾಸ್ಟ್ ಅನ್ನುವ ದೊಡ್ಡ ಟ್ರಯಲ್ ಆ ನಂಬಿಕೆಯನ್ನು ಸರಿಯಾಗಿ ಪರೀಕ್ಷಿಸಲು ಹೊರಟಿತು. ಆ ಜಾತಿಯ ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಪಡೆದ 755 ಜನರಲ್ಲಿ 63 ಮಂದಿ ಸತ್ತರು, ಹುಸಿ ಔಷಧ ಪಡೆದ 743 ಜನರಲ್ಲಿ 26 ಮಂದಿ. 1989ರಲ್ಲಿ ಟ್ರಯಲ್‌ನ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. 1980ರ ಆ ಚಿಕ್ಕ ಟ್ರಯಲ್ ಆಗಲೇ ಎಲ್ಲರ ಕಣ್ಣಿಗೆ ಬಿದ್ದಿದ್ದರೆ ಯಾರಾದರೂ ಒಬ್ಬರು 'ಸ್ವಲ್ಪ ತಡೀರಿ' ಅನ್ನುತ್ತಿದ್ದರೋ ಏನೋ. 1993ರಲ್ಲಿ ಅದನ್ನು ಪ್ರಕಟಿಸಿದವರು, ಇದು ಪ್ರಕಟಣೆಯ ಪಕ್ಷಪಾತಕ್ಕೆ ಒಂದು ಉದಾಹರಣೆ ಅಂತ ಪೇಪರ್‌ನ ತಲೆಬರಹದಲ್ಲೇ ಹೇಳಿದರು. ಅವರ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ.

ಇದು ಹಳೆಯ ಕಾಲದ ಮಾತು ಅನ್ನಬೇಡಿ. 2008ರಲ್ಲಿ ಖಿನ್ನತೆಯ ಔಷಧಗಳ ಬಗ್ಗೆ ಒಂದು ಲೆಕ್ಕ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಕಡತದಲ್ಲಿದ್ದ 74 ಟ್ರಯಲ್‌ಗಳನ್ನು ತೆಗೆದು, ಅವುಗಳಲ್ಲಿ ಯಾವುವು ಜರ್ನಲ್‌ನಲ್ಲಿ ಬಂದಿವೆ ಅಂತ ನೋಡಿದರು. ಔಷಧ ಕೆಲಸ ಮಾಡಿತು ಅಂತ ಆ ಸಂಸ್ಥೆ ಒಪ್ಪಿದ ಟ್ರಯಲ್‌ಗಳು 38, ಅವುಗಳಲ್ಲಿ 37 ಪ್ರಕಟವಾಗಿದ್ದವು. ಕೆಲಸ ಮಾಡಲಿಲ್ಲ ಅಥವಾ ಅನುಮಾನ ಅನ್ನುವಂಥವು 36. ಅವುಗಳಲ್ಲಿ 22 ಪ್ರಕಟವೇ ಆಗಿರಲಿಲ್ಲ, 11 ಟ್ರಯಲ್‌ಗಳನ್ನು ಗೆದ್ದ ಹಾಗೆ ಕಾಣುವಂತೆ ಬರೆದಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಬರೀ 3. ಆ ಔಷಧಗಳಿಂದ ಉಪಯೋಗ ಇಲ್ಲ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಆದರೆ ಜರ್ನಲ್ ಓದಿ ಮಾತ್ರೆ ಬರೆಯುವ ವೈದ್ಯರ ಕಣ್ಣಿಗೆ ಬಿದ್ದದ್ದು ನಿಜದ ಒಂದು ಭಾಗ ಮಾತ್ರ.

ಕಾನೂನು ಇಲ್ಲ ಅಂತಲೂ ಅಲ್ಲ. 2007ರ ಅಮೆರಿಕದ ಕಾನೂನಿನ ಪ್ರಕಾರ ಟ್ರಯಲ್ ಮುಗಿದು ಒಂದು ವರ್ಷದೊಳಗೆ ಫಲಿತಾಂಶವನ್ನು ಸಾರ್ವಜನಿಕ ನೋಂದಣಿಯಲ್ಲಿ ಹಾಕಬೇಕು, ಹಾಕದಿದ್ದರೆ ದಿನದ ಲೆಕ್ಕದಲ್ಲಿ ದಂಡ. ಗಡುವು ಬಂದಿದ್ದ 4,209 ಟ್ರಯಲ್‌ಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಬಂತು. ಸಮಯಕ್ಕೆ ಸರಿಯಾಗಿ ಫಲಿತಾಂಶ ಹಾಕಿದ್ದವು ನೂರಕ್ಕೆ 41ರಷ್ಟು. ತಡವಾಗಿ ಹಾಕಿದ್ದನ್ನೂ ಸೇರಿಸಿದರೆ 64ರಷ್ಟು. ಅಲ್ಲಿಯವರೆಗೆ ಒಂದೇ ಒಂದು ದಂಡವೂ ಬಿದ್ದಿರಲಿಲ್ಲ. ಯುರೋಪಿನ ನೋಂದಣಿಯಲ್ಲೂ 2018ರ ಲೆಕ್ಕಕ್ಕೆ ಗಡುವು ಮುಗಿದ ಟ್ರಯಲ್‌ಗಳಲ್ಲಿ ಫಲಿತಾಂಶ ಬಂದದ್ದು ಅರ್ಧದಷ್ಟು. ಟ್ರಯಲ್‌ಗೆ ಬಂದವರು ತಮ್ಮ ದೇಹವನ್ನು ಕೊಟ್ಟಿದ್ದಾರೆ. ರಕ್ತ ಕೊಟ್ಟಿದ್ದಾರೆ, ಅಡ್ಡ ಪರಿಣಾಮ ಸಹಿಸಿದ್ದಾರೆ, 'ನನಗಲ್ಲದಿದ್ದರೂ ಇನ್ನೊಬ್ಬರಿಗಾದರೂ ಆಗಲಿ' ಅಂತ ಸಹಿ ಹಾಕಿದ್ದಾರೆ. ಅವರ ಫಲಿತಾಂಶವನ್ನು ಮುಚ್ಚಿಡಲು ನಮಗೆ ಯಾವ ಹಕ್ಕಿದೆ? ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯಲ್ಲಿ ಗೆದ್ದ, ಸೋತ, ಎತ್ತಲೂ ವಾಲದ ಫಲಿತಾಂಶ ಎಲ್ಲವನ್ನೂ ಬಹಿರಂಗ ಮಾಡಲೇಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಪ್ರತಿ ಪ್ರಸ್ತಾವನೆಯಲ್ಲೂ ನಾವು ಆ ಘೋಷಣೆಯ ಹೆಸರು ಹಾಕುತ್ತೇವೆ.

ಸರಿಯಾಗಿ ಮಾಡಿದರೆ ಹೇಗಿರುತ್ತದೆ ಅನ್ನುವುದಕ್ಕೂ ನಮ್ಮ ಮುಂದೆ ಉದಾಹರಣೆ ಇದೆ. ಕೋವಿಡ್ ಚಿಕಿತ್ಸೆಗಳನ್ನು ಪರೀಕ್ಷಿಸುವ ಬ್ರಿಟನ್ನಿನ ರಿಕವರಿ ಟ್ರಯಲ್ 2020ರ ಮಾರ್ಚ್‌ನಲ್ಲಿ ಶುರುವಾಯಿತು. ಆಗ ಮಲೇರಿಯಾದ ಔಷಧ ಹೈಡ್ರಾಕ್ಸಿಕ್ಲೋರೋಕ್ವಿನ್ ಬಗ್ಗೆ ಪ್ರಪಂಚದಲ್ಲೆಲ್ಲ ಎಷ್ಟು ಗದ್ದಲ ಇತ್ತು ಅಂತ ನಿಮಗೆ ನೆನಪಿರಬಹುದು. ಜೂನ್ 5ರಂದು ಅವರು ಹೇಳಿದರು: ಆಸ್ಪತ್ರೆಗೆ ಸೇರಿದ ರೋಗಿಗಳಿಗೆ ಇದರಿಂದ ಉಪಯೋಗ ಕಾಣಲಿಲ್ಲ. ಜೂನ್ 16ರಂದು ಅದೇ ಟ್ರಯಲ್ ಹೇಳಿತು: ಡೆಕ್ಸಾಮೆಥಾಸೋನ್ ಕೊಟ್ಟರೆ ವೆಂಟಿಲೇಟರ್‌ನಲ್ಲಿರುವವರ ಸಾವು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಸುದ್ದಿಯಲ್ಲಿ ಮೆರೆದದ್ದು ಎರಡನೆಯದು, ಸಹಜವೇ. ಆದರೆ ಮೊದಲನೆಯದೂ ಜೀವ ಉಳಿಸುವ ಸುದ್ದಿಯೇ ಅಲ್ವಾ? ಉಪಯೋಗವಿಲ್ಲದ್ದನ್ನು ನಿಲ್ಲಿಸಿದರೆ ತಾನೇ ವೈದ್ಯರ ಕೈಗೆ, ರೋಗಿಯ ದೇಹಕ್ಕೆ ಬೇರೆಯದನ್ನು ನೋಡಲು ಬಿಡುವು ಸಿಗುವುದು. 'ಇಲ್ಲ' ಅನ್ನುವ ಉತ್ತರವನ್ನು 'ಹೌದು' ಅನ್ನುವಷ್ಟೇ ಗಟ್ಟಿಯಾಗಿ, ಅಷ್ಟೇ ಬೇಗ ಅವರು ಹೇಳಿದರು. ನಾನು ಕೇಳುತ್ತಿರುವುದು ಅದನ್ನೇ.

ಇನ್ನು ಲ್ಯಾಬಿನಲ್ಲಿ ನಡೆಯುವ ಮೂಲ ಸಂಶೋಧನೆಯ ವಿಷಯ. ಕ್ಯಾನ್ಸರ್ ಸಂಶೋಧನೆಯ ಹೆಸರಾಂತ 53 ಪೇಪರ್‌ಗಳಿಂದ 193 ಪ್ರಯೋಗಗಳನ್ನು ಆರಿಸಿ ಮತ್ತೆ ಮಾಡಿ ನೋಡೋಣ ಅಂತ ಒಂದು ದೊಡ್ಡ ಯೋಜನೆ ನಡೆದು 2021ರ ಡಿಸೆಂಬರ್‌ನಲ್ಲಿ ವರದಿ ಬಂತು. ಅದನ್ನು ಓದಿ ನನಗೆ ಹೆಚ್ಚು ಬೇಜಾರಾದದ್ದು ಫಲಿತಾಂಶಕ್ಕಿಂತ ಅವರು ಪಟ್ಟ ಪಾಡಿಗೆ. ಆ 193ರಲ್ಲಿ ಒಂದೇ ಒಂದು ಪ್ರಯೋಗವನ್ನೂ ಪೇಪರ್‌ನಲ್ಲಿ ಬರೆದದ್ದನ್ನು ಮಾತ್ರ ನೋಡಿಕೊಂಡು ಮತ್ತೆ ಮಾಡುವ ಹಾಗೆ ಇರಲಿಲ್ಲ. ಎಷ್ಟು ಹೊತ್ತು ಇಡಬೇಕು, ಯಾವ ಜೀವಕೋಶ, ಎಷ್ಟು ಪ್ರಮಾಣ, ಎಲ್ಲವನ್ನೂ ಮೂಲ ಲೇಖಕರಿಗೆ ಬರೆದು ಕೇಳಬೇಕಾಯಿತು. ಮೂರನೇ ಒಂದರಷ್ಟು ಪ್ರಯೋಗಗಳಿಗೆ ಅವರಿಂದ ನೆರವೇ ಬರಲಿಲ್ಲ. ಕೊನೆಗೆ 23 ಪೇಪರ್‌ಗಳ 50 ಪ್ರಯೋಗ ಮಾತ್ರ ಮುಗಿಸಲು ಆಯಿತು, ಅಲ್ಲಿ ಕಂಡ ಪರಿಣಾಮ ಮೂಲ ಪೇಪರ್‌ಗಿಂತ ಸಾಮಾನ್ಯವಾಗಿ 85 ಪ್ರತಿಶತ ಚಿಕ್ಕದು. ಇದರಲ್ಲಿ ಮೋಸ ಇದೆ ಅಂತ ಯಾರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಹತ್ತು ಸಲ ಮಾಡಿದಾಗ ಚೆನ್ನಾಗಿ ಬಂದ ಒಂದೆರಡನ್ನು ಮಾತ್ರ ಜಗತ್ತು ನೋಡಿದರೆ ಎಲ್ಲ ಪರಿಣಾಮಗಳೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ, ಅದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ.

ಸುಳ್ಳು ನುಸುಳಿದರೂ ಹಿಡಿಯುವುದು ಕಷ್ಟವಾಗುವುದು ಇದೇ ಮೌನದಿಂದ. ಮರೆವಿನ ಕಾಯಿಲೆ ಅಲ್ಝೈಮರ್ ಬಗ್ಗೆ 2006ರಲ್ಲಿ ಬಂದ ಒಂದು ಪ್ರಸಿದ್ಧ ಪೇಪರ್, ಮೆದುಳಿನಲ್ಲಿ ಸೇರುವ ಒಂದು ಬಗೆಯ ಪ್ರೋಟೀನ್ ಗುಂಪೇ ನೆನಪಿನ ಶಕ್ತಿಯನ್ನು ಕೆಡಿಸುತ್ತದೆ ಅಂತ ಹೇಳಿತ್ತು. ಬೇರೆ ಕೆಲವು ಲ್ಯಾಬ್‌ಗಳು ಹುಡುಕಿದರೂ ಆ ಗುಂಪು ಸಿಗಲಿಲ್ಲ. ಆ 'ಸಿಗಲಿಲ್ಲ' ಅನ್ನುವ ಮಾತು ಪ್ರಕಟವಾದದ್ದು ತೀರಾ ಕಡಿಮೆ. 2022ರಲ್ಲಿ ಪೇಪರ್‌ನ ಚಿತ್ರಗಳ ಮೇಲೆ ಅನುಮಾನ ಎದ್ದಿತು, 2024ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಹದಿನೆಂಟು ವರ್ಷ! ಹುಡುಕಿ ಸಿಗದವರಿಗೆಲ್ಲ ಒಂದು ಪುಟ ಬರೆಯಲು ಜಾಗ ಇದ್ದಿದ್ದರೆ ಇಷ್ಟು ಕಾಲ ಬೇಕಾಗುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಈಗ ಇದನ್ನು ಜೋರಾಗಿ ಕೇಳಲು ಇನ್ನೊಂದು ಕಾರಣ ಇದೆ. ನೀವೆಲ್ಲ ಎಐ ಕಡೆಗೆ ಹಣ ಹರಿಸುತ್ತಿದ್ದೀರಿ. ಆಲ್ಫಾಫೋಲ್ಡ್ ಅನ್ನುವ ಎಐ ಪ್ರೋಗ್ರಾಂ ಪ್ರೋಟೀನ್‌ಗಳ ಆಕಾರವನ್ನು ಊಹಿಸಿ, 2022ರಲ್ಲಿ 20 ಕೋಟಿಗೂ ಹೆಚ್ಚು ಆಕಾರಗಳನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು. ಅದರ ಹಿಂದಿನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ 2024ರಲ್ಲಿ ಡೇವಿಡ್ ಬೇಕರ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅದು ಕಲಿತದ್ದು ಎಲ್ಲಿಂದ? 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. ಅಲ್ಲಿ ಪ್ರಪಂಚದ ಸಂಶೋಧಕರು ಅಷ್ಟು ವರ್ಷ ತಾವು ಕಂಡ ಆಕಾರಗಳನ್ನು ಒಂದೇ ಮಾದರಿಯಲ್ಲಿ ತಂದು ಇಟ್ಟಿದ್ದರು. ಇಡದಿದ್ದರೆ ಪೇಪರ್ ಇಲ್ಲ ಅಂತ ಜರ್ನಲ್‌ಗಳು ನಿಯಮ ಮಾಡಿದ್ದವು. ಅಂದರೆ ನೀವು ಮನಸ್ಸು ಮಾಡಿದರೆ ಆಗುತ್ತದೆ, ಆಗಿದೆ. ಆದರೆ ಯಾವ ಅಣು ಯಾವ ಪ್ರೋಟೀನಿಗೆ ಅಂಟಲಿಲ್ಲ, ಯಾವ ಜೀನ್ ತೆಗೆದರೂ ಏನೂ ಬದಲಾಗಲಿಲ್ಲ, ಯಾವ ಔಷಧ ಇಲಿಯಲ್ಲಿ ಗೆದ್ದು ಮನುಷ್ಯನಲ್ಲಿ ಸೋತಿತು ಅನ್ನುವುದಕ್ಕೆ ಅಂಥ ಬ್ಯಾಂಕ್ ಎಲ್ಲಿದೆ? ಬರೀ ಗೆದ್ದ ಪೇಪರ್‌ಗಳನ್ನು ಓದಿಸಿ ಬೆಳೆಸಿದ ಯಂತ್ರಕ್ಕೆ ಸೋಲು ಹೇಗಿರುತ್ತದೆ ಅಂತ ಗೊತ್ತೇ ಇರುವುದಿಲ್ಲ. ಅದು ಕೊಡುವ ಸಲಹೆಗಳು ನಾವು ಆಗಲೇ ಮಾಡಿ ಕೈಬಿಟ್ಟ ಪ್ರಯೋಗಗಳೇ ಆಗಿದ್ದರೆ ಆಶ್ಚರ್ಯ ಇಲ್ಲ.

ನೀವು ಏನು ಹೇಳುತ್ತೀರಿ ಅಂತ ಗೊತ್ತು. ಫಲ ಬರದಿರಲು ಪ್ರಯೋಗ ಮಾಡಿದವರ ಕೈ ಸರಿ ಇಲ್ಲದ್ದೂ ಕಾರಣ ಇರಬಹುದು ಅನ್ನುತ್ತೀರಿ. ಇರಬಹುದು. ಆರು ಇಲಿಗಳ ಮೇಲೆ ಮಾಡಿ ಏನೂ ಕಾಣಲಿಲ್ಲ ಅಂದರೆ ಏನೂ ಇಲ್ಲ ಅಂತ ಆಗುವುದಿಲ್ಲ, ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗಾದರೆ ಆರು ಇಲಿಗಳ ಮೇಲೆ ಮಾಡಿ ಏನೋ ಕಂಡಿತು ಅಂದಾಗಲೂ ಅದೇ ಪ್ರಶ್ನೆ ಕೇಳಬೇಕಲ್ಲವೇ? ಅದನ್ನು ಮಾತ್ರ ಯಾಕೆ ಖುಷಿಯಿಂದ ಅಚ್ಚು ಹಾಕುತ್ತೀರಿ? ಇನ್ನೊಂದು ಮಾತು, ಇದನ್ನೆಲ್ಲ ಪ್ರಕಟಿಸಿದರೆ ಓದುವವರು ಯಾರು ಅನ್ನುವುದು. ಹನ್ನೆರಡು ಪುಟದ ಪೇಪರ್ ಯಾರಿಗೂ ಬೇಡ. ಏನು ಕೇಳಿದೆವು, ಹೇಗೆ ಮಾಡಿದೆವು, ಎಷ್ಟು ಮಾದರಿ, ಏನು ಬಂತು, ಡೇಟಾ ಎಲ್ಲಿದೆ, ಇಷ್ಟು ಎರಡು ಪುಟದಲ್ಲಿ ಇದ್ದು ಹುಡುಕಿದರೆ ಸಿಕ್ಕರೆ ಸಾಕು. ಜರ್ನಲ್‌ಗೆ ಹೋಗುವ ಮೊದಲೇ ಪೇಪರ್ ಹಾಕುವ ಜಾಲತಾಣಗಳಾದ ಬಯೋಆರ್‌ಕೈವ್ 2013ರಿಂದ, ಮೆಡ್‌ಆರ್‌ಕೈವ್ 2019ರಿಂದ ಇವೆ. ಜಾಗಕ್ಕೆ ಕೊರತೆ ಇಲ್ಲ, ಬರೆದರೆ ಏನು ಸಿಗುತ್ತದೆ ಅನ್ನುವುದಕ್ಕೆ ಉತ್ತರ ಇಲ್ಲ.

ಅದಕ್ಕೇ ಬಡ್ತಿ ಸಮಿತಿಯವರಿಗೆ ಈ ಮಾತು. ಐದು ವರ್ಷ ಪಿಎಚ್‌ಡಿ ಮಾಡಿದ ಹುಡುಗ, ತನ್ನ ಗೈಡಿನ ಊಹೆ ತಪ್ಪು ಅಂತ ಚೊಕ್ಕವಾಗಿ ತೋರಿಸಿದರೆ ಅವನ ಕೈಗೆ ಬರುವುದು ಖಾಲಿ ಬಯೋಡೇಟಾ. ಪಕ್ಕದ ಬೆಂಚಿನಲ್ಲಿ ಅದೃಷ್ಟಕ್ಕೆ ಒಳ್ಳೆಯ ಪ್ರಶ್ನೆ ಸಿಕ್ಕವಳಿಗೆ ದೊಡ್ಡ ಜರ್ನಲ್, ಕೆಲಸ, ಗ್ರಾಂಟ್. ಇಬ್ಬರ ಶ್ರಮವೂ ಒಂದೇ, ಇಬ್ಬರ ಕೆಲಸದ ಗುಣವೂ ಒಂದೇ. ಸಂದರ್ಶನದಲ್ಲಿ ಆ ಹುಡುಗನನ್ನು 'ಪೇಪರ್ ಎಷ್ಟು' ಅಂತ ಕೇಳುವ ಬದಲು 'ಯಾವುದನ್ನು ಸುಳ್ಳು ಅಂತ ತೋರಿಸಿದೆ, ಹೇಗೆ ತೋರಿಸಿದೆ' ಅಂತ ಒಮ್ಮೆ ಕೇಳಿ ನೋಡಿ. ಅವನು ಹೇಗೆ ಯೋಚಿಸುತ್ತಾನೆ ಅಂತ ಆ ಒಂದು ಉತ್ತರದಲ್ಲೇ ತಿಳಿಯುತ್ತದೆ.

ಸಂಪಾದಕರೇ, ಪ್ರಯೋಗ ಶುರುವಾಗುವ ಮೊದಲೇ ಪ್ರಶ್ನೆ ಮತ್ತು ವಿಧಾನ ನೋಡಿ ಒಪ್ಪಿಕೊಂಡು, ಆಮೇಲೆ ಫಲ ಏನೇ ಬಂದರೂ ಪ್ರಕಟಿಸುವ ಪದ್ಧತಿ 2013ರಿಂದಲೇ ಇದೆ, ರಿಜಿಸ್ಟರ್ಡ್ ರಿಪೋರ್ಟ್ ಅಂತ. ಮನಶ್ಶಾಸ್ತ್ರದಲ್ಲಿ ಇದರ ಪರಿಣಾಮವನ್ನು ಅಳೆದಿದ್ದಾರೆ. ಮಾಮೂಲಿ ಪೇಪರ್‌ಗಳಲ್ಲಿ ನೂರಕ್ಕೆ 96 ತಮ್ಮ ಊಹೆ ನಿಜವಾಯಿತು ಅಂತ ಹೇಳಿದರೆ, ಈ ಪದ್ಧತಿಯಲ್ಲಿ ಹಾಗೆ ಹೇಳಿದ್ದು ನೂರಕ್ಕೆ 44. ನಮ್ಮ ಕ್ಷೇತ್ರದ ದೊಡ್ಡ ಜರ್ನಲ್‌ಗಳು ಇದನ್ನು ಮನಸ್ಸಿಟ್ಟು ಮಾಡಲಿ.

ಹಣ ಕೊಡುವವರೇ, ಎಲ್ಲದರ ಬೀಗದ ಕೈ ನಿಮ್ಮ ಹತ್ತಿರ ಇದೆ. ಹಿಂದಿನ ಗ್ರಾಂಟಿನಲ್ಲಿ ಮಾಡಿದ ಪ್ರಯೋಗಗಳಲ್ಲಿ ಪ್ರಕಟವಾಗದವು ಯಾವುವು, ಅವುಗಳ ಡೇಟಾ ಎಲ್ಲಿದೆ ಅಂತ ಹೊಸ ಅರ್ಜಿಯಲ್ಲಿ ಒಂದು ಪುಟ ಕೇಳಿ. ಟ್ರಯಲ್‌ನ ಫಲಿತಾಂಶ ಗಡುವು ಮುಗಿದರೂ ಹಾಕದ ಸಂಸ್ಥೆಗೆ, ಅದು ಹಾಕುವವರೆಗೆ ಮುಂದಿನ ಹಣ ತಡೆಯಿರಿ. ಬೇರೆಯವರ ಕೆಲಸವನ್ನು ಮತ್ತೆ ಮಾಡಿ ನೋಡಲು ಅಂತಲೇ ಸ್ವಲ್ಪ ಹಣ ಎತ್ತಿಡಿ. ಟ್ರಯಲ್‌ಗೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಟ್ರಯಲ್‌ನ ನೋಂದಣಿ ಸಂಖ್ಯೆಯ ಜೊತೆಗೆ ಫಲಿತಾಂಶ ಯಾವ ದಿನದೊಳಗೆ ಎಲ್ಲಿ ಸಿಗುತ್ತದೆ, ಸಿಗದಿದ್ದರೆ ಯಾರನ್ನು ಕೇಳಬೇಕು ಅನ್ನುವುದನ್ನೂ ಅವರ ಭಾಷೆಯಲ್ಲಿ ಅಚ್ಚು ಹಾಕಿಸಿ. ಈ ಕೊನೆಯದಕ್ಕೆ ಕಾನೂನು ತಿದ್ದುಪಡಿ ಬೇಕಾಗಿಲ್ಲ, ಸಮಿತಿಯ ಮೇಲೆ ಸಮಿತಿ ಬೇಕಾಗಿಲ್ಲ. ಮುಂದಿನ ಗ್ರಾಂಟಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದರೆ ಅಲ್ಲಿಂದಲೇ ಶುರುವಾಗುತ್ತದೆ.

ನಿಮ್ಮ ಉತ್ತರವನ್ನೂ ಎಲ್ಲರಿಗೂ ಕಾಣುವ ಹಾಗೆ ಬರೆಯಿರಿ.

ಇಂತಿ,
ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬ ಸಂಶೋಧಕ